ಪುಸ್ತಕದ ಬದನೆಕಾಯಿ ಬೇಯುವುದು ಹೇಗೆ?

2000ನೇ ಇಸವಿಯ ಜೂನ್ 10ರಂದು ಲಂಡನ್ನಿನ ಥೇಮ್ಸ್ ನದಿಯ ಮೇಲೆ ಪಾದಚಾರಿಗಳಿಗೆಂದೇ ಕಟ್ಟಿದ ಮಿಲೆನಿಯಂ ಸೇತುವೆ ತೆರೆಯಿತು. ಮೊದಲ ದಿನವೇ ಜನ ಮುಗಿಬಿದ್ದರು. ಸ್ವಲ್ಪ ಹೊತ್ತಿನಲ್ಲೇ ಸೇತುವೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತೂಗತೊಡಗಿತು. ತೂಗುವ ನೆಲದ ಮೇಲೆ ಬೀಳಬಾರದೆಂದು ಜನ ಕಾಲು ಅಗಲಿಸಿ, ತೂಗಾಟಕ್ಕೆ ತಾಳ ಹಾಕಿದಂತೆ ಹೆಜ್ಜೆ ಇಟ್ಟರು. ಆ ಹೆಜ್ಜೆಗಳೇ ಸೇತುವೆಯನ್ನು ಇನ್ನಷ್ಟು ತೂಗಿದವು. ಎರಡೇ ದಿನಕ್ಕೆ ಸೇತುವೆ ಮುಚ್ಚಿತು.

ಎಂಜಿನಿಯರಿಂಗ್ ವಿನ್ಯಾಸ ಅರೂಪ್ ಎಂಬ ಹೆಸರಾಂತ ಸಂಸ್ಥೆಯದು. ಅಲ್ಲಿದ್ದವರು ಅರೆಬರೆ ಕಲಿತವರಲ್ಲ. ಆಗಿನ ನಿಯಮಾವಳಿಗಳು ನಡಿಗೆಯಿಂದ ಸೇತುವೆ ಮೇಲೆ ಕೆಳಗೆ ಕುಣಿಯುವುದನ್ನು ಲೆಕ್ಕ ಹಾಕಿ ಎನ್ನುತ್ತಿದ್ದವು, ಹಾಕಿದ್ದರು. ಅಡ್ಡ ತೂಗಾಟದ ಬಗ್ಗೆ ಅವುಗಳಲ್ಲಿ ಹೆಚ್ಚೇನೂ ಇರಲಿಲ್ಲ. ಆದರೆ ಏಳು ವರ್ಷ ಮೊದಲೇ, 1993ರಲ್ಲಿ, ಜಪಾನಿನ ಪ್ರಾಧ್ಯಾಪಕ ಯೋಜೊ ಫುಜಿನೊ ಮತ್ತು ಸಂಗಡಿಗರು ಇದೇ ತೂಗಾಟವನ್ನು ಅಳೆದು ಬರೆದಿದ್ದರು. ದೋಣಿ ಪಂದ್ಯ ಮುಗಿಸಿ ಗುಂಪಾಗಿ ಮರಳುವ ಜನರ ಹೆಜ್ಜೆಗೆ ಒಂದು ಕಾಲ್ಸೇತುವೆ ಹೇಗೆ ಅಡ್ಡಡ್ಡ ತೂಗುತ್ತದೆ, ಜನ ಹೇಗೆ ಅದರ ತಾಳಕ್ಕೆ ಬೀಳುತ್ತಾರೆ ಎಂಬುದೆಲ್ಲ ಆ ಪ್ರಬಂಧದಲ್ಲಿತ್ತು. ಅದು ಅಚ್ಚಾದದ್ದು ಭೂಕಂಪ ಎಂಜಿನಿಯರಿಂಗಿಗೆ ಮೀಸಲಾದ ಸಂಶೋಧನಾ ಪತ್ರಿಕೆಯಲ್ಲಿ. ನದಿಗೆ ಕಾಲ್ಸೇತುವೆ ಕಟ್ಟುವವರು ಮೊದಲು ತೆರೆದು ನೋಡುವ ಕಪಾಟು ಅದಲ್ಲ.

ಅಂದರೆ ವಿಷಯ ಗೊತ್ತಿತ್ತು, ಬೇಕಾದವರಿಗೆ ಗೊತ್ತಿರಲಿಲ್ಲ. ಇಂಥದ್ದನ್ನು ಕೇಳಿದಾಗ ಎರಡು ಮಾತು ಸಲೀಸಾಗಿ ಬಾಯಿಗೆ ಬರುತ್ತವೆ. ಕೆಲಸ ಮಾಡುವವರು ಓದುವುದೇ ಇಲ್ಲ ಎನ್ನುವುದು ಪ್ರೊಫೆಸರರ ದೂರು. ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ ಎನ್ನುವುದು ಕೆಲಸ ಮಾಡುವವರ ಕುಹಕ. ಬೈದಾಡಿಕೊಂಡರೂ ಇಬ್ಬರ ತಲೆಯಲ್ಲಿರುವ ಚಿತ್ರ ಒಂದೇ: ಮೇಲೆ ವಿಶ್ವವಿದ್ಯಾಲಯವೆಂಬ ತೊಟ್ಟಿ, ಅದರಲ್ಲಿ ತುಂಬಿದ ಜ್ಞಾನ, ಅಲ್ಲಿಂದ ಪೈಪಿನಲ್ಲಿ ವೈದ್ಯರಿಗೆ, ವಕೀಲರಿಗೆ, ಎಂಜಿನಿಯರುಗಳಿಗೆ, ಅವರಿಂದ ಜನರ ಕೊಡಕ್ಕೆ. ನೀರು ಬರದಿದ್ದರೆ ಎಲ್ಲೋ ಪೈಪು ಕಟ್ಟಿದೆ ಎಂದರ್ಥ.

ನನ್ನ ಮಟ್ಟಿಗೆ ಈ ಚಿತ್ರವೇ ಅರ್ಧ ತೊಂದರೆಯ ಮೂಲ. ತೊಟ್ಟಿಯಲ್ಲಿರುವುದೂ ಕೊಡಕ್ಕೆ ಬೇಕಿರುವುದೂ ಒಂದೇ ವಸ್ತು ಎಂದು ಅದು ನಂಬಿಸುತ್ತದೆ. ನಿಜದಲ್ಲಿ ಮೂವರೂ ಕೇಳುವ ಪ್ರಶ್ನೆಗಳೇ ಬೇರೆ. ಸಂಶೋಧಕರು ಕೇಳುವುದು, ‘ಸಾಮಾನ್ಯವಾಗಿ ಏನು ನಿಜ?’ ವೃತ್ತಿಯಲ್ಲಿರುವವರು ಕೇಳುವುದು, ‘ನನ್ನೆದುರಿನ ಈ ಒಬ್ಬರಿಗೆ, ಈ ಒಂದು ಗೋಡೆಗೆ, ಈ ಒಂದು ಮೊಕದ್ದಮೆಗೆ ಈಗ ಏನು ಮಾಡಲಿ?’ ಸಾರ್ವಜನಿಕ ಜೀವನ ಕೇಳುವುದು, ‘ನಾವು ಯಾವುದನ್ನು ಆರಿಸಿಕೊಳ್ಳೋಣ, ಅದರ ಭಾರ ಯಾರು ಹೊರಬೇಕು?’ ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿದಾಗ ಎಡವಟ್ಟಾಗುತ್ತದೆ, ಉತ್ತರ ಎಷ್ಟೇ ಸರಿಯಿದ್ದರೂ.

ವೈದ್ಯಕೀಯದಲ್ಲಿ ಇದು ತೀರಾ ಸ್ಪಷ್ಟ. ಒಂದು ಔಷಧ ನೂರರಲ್ಲಿ ಅರವತ್ತು ರೋಗಿಗಳಿಗೆ ಫಲ ಕೊಡುತ್ತದೆ ಎಂದು ಪ್ರಯೋಗದಲ್ಲಿ ಕಂಡಿತು ಎಂದುಕೊಳ್ಳಿ. ಸಂಶೋಧಕರ ಕೆಲಸ ಅಲ್ಲಿಗೆ ಒಂದು ಹಂತ ಮುಟ್ಟಿತು. ವೈದ್ಯರೆದುರು ಕುಳಿತಿರುವುದು ಮಾತ್ರ ನೂರು ಜನರಲ್ಲ, ಒಬ್ಬರೇ. ಅವರು ಅರವತ್ತರ ಗುಂಪಿನವರೋ ನಲವತ್ತರ ಗುಂಪಿನವರೋ ಯಾರಿಗೂ ಗೊತ್ತಿಲ್ಲ. ಅವರಿಗೆ ಎಂಬತ್ತು ವರ್ಷ, ಜೊತೆಗೆ ಇನ್ನೂ ಮೂರು ಕಾಯಿಲೆ. ಅಂಥವರನ್ನು ಬಹಳಷ್ಟು ಪ್ರಯೋಗಗಳಿಗೆ ಸೇರಿಸಿಕೊಳ್ಳುವುದೇ ಇಲ್ಲ, ಲೆಕ್ಕ ಕಲಬೆರಕೆಯಾಗುತ್ತದೆ ಎಂದು. ಕಾಲದ ಒತ್ತಡವೂ ಬೇರೆ. ‘ಇನ್ನೂ ಪುರಾವೆ ಸಾಲದು’ ಎಂದು ಬರೆದು ಸಂಶೋಧಕರು ಮನೆಗೆ ಹೋಗಬಹುದು. ಅವರ ಶಿಸ್ತು ಅದನ್ನೇ ಬಯಸುತ್ತದೆ. ವೈದ್ಯರಿಗೆ ಆ ಸೌಲಭ್ಯ ಇಲ್ಲ. ಏನೂ ಮಾಡದೆ ಕಳಿಸಿದರೆ ಅದೂ ಒಂದು ಚಿಕಿತ್ಸಾ ನಿರ್ಧಾರವೇ.

ಹಾಗೆಂದು ಪುರಾವೆಯನ್ನು ಬದಿಗಿಟ್ಟು ಕೈಗುಣವನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೂ ಕಥೆಯಿದೆ. ಅವಧಿಗೆ ಮೊದಲೇ ಹೆರಿಗೆಯಾಗುವ ಸೂಚನೆ ಇದ್ದಾಗ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ಪ್ರಯೋಗ ಮಾಡಿ ಪ್ರಕಟಿಸಿದ್ದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರನ್ನು ಕೂರಿಸಿ ಇದನ್ನು ವ್ಯಾಪಕವಾಗಿ ಬಳಸಿ ಎಂದದ್ದು 1994ರಲ್ಲಿ. ನಡುವೆ ಇಪ್ಪತ್ತೆರಡು ವರ್ಷ. ಆ ಅವಧಿಯಲ್ಲಿ ಇನ್ನಷ್ಟು ಪ್ರಯೋಗಗಳು ನಡೆದಿದ್ದವು, ಆದರೆ ಅಲ್ಲಲ್ಲಿ ಚದುರಿಕೊಂಡಿದ್ದವು. ಒಂದೊಂದನ್ನೇ ಓದಿದವರಿಗೆ ಅನುಮಾನ ಉಳಿಯುತ್ತಿತ್ತು. ಎಲ್ಲವನ್ನೂ ಒಟ್ಟುಗೂಡಿಸಿ ನೋಡಿದಾಗ ಅನುಮಾನಕ್ಕೆ ಎಡೆಯಿರಲಿಲ್ಲ. ಹೀಗೆ ಒಟ್ಟುಗೂಡಿಸುವುದನ್ನೇ ಕೆಲಸವಾಗಿ ಮಾಡಿಕೊಂಡು 1993ರಲ್ಲಿ ಹುಟ್ಟಿದ ಕೊಕ್ರೇನ್ ಬಳಗದ ಲಾಂಛನದಲ್ಲಿ ಇರುವ ಪುಟ್ಟ ಗೀಟುಗಳು ಈ ಸ್ಟೀರಾಯ್ಡ್ ಪ್ರಯೋಗಗಳ ಫಲಿತಾಂಶವೇ. ಲಾಂಛನಕ್ಕೆ ಹೂವು ಹಕ್ಕಿ ಬಿಟ್ಟು ತಡವಾದ ತಿಳಿವಳಿಕೆಯ ನಕ್ಷೆ ಹಾಕಿಕೊಂಡ ಸಂಸ್ಥೆ ಬೇರೊಂದಿದೆಯೋ ಇಲ್ಲವೋ.

ಪುರಾವೆ ಆಧಾರಿತ ವೈದ್ಯಕೀಯ ಎಂಬ ಮಾತು ಚಾಲ್ತಿಗೆ ಬಂದದ್ದೂ 1990ರ ದಶಕದ ಮೊದಲ ವರ್ಷಗಳಲ್ಲೇ. ಬಂದ ಕೂಡಲೇ ಹಳೆಯ ವೈದ್ಯರು ಸಿಡುಕಿದರು: ನಮ್ಮ ಅನುಭವವನ್ನು ಕಸದ ಬುಟ್ಟಿಗೆ ಹಾಕಿ ಪಾಕಪುಸ್ತಕ ನೋಡಿ ಅಡುಗೆ ಮಾಡಿ ಎನ್ನುತ್ತೀರಾ? ಅದನ್ನು ಪ್ರತಿಪಾದಿಸಿದವರಲ್ಲಿ ಮುಖ್ಯರಾದ ಡೇವಿಡ್ ಸ್ಯಾಕೆಟ್ ಮತ್ತು ಜೊತೆಗಾರರು 1996ರಲ್ಲಿ ಉತ್ತರ ಬರೆದರು. ಪುರಾವೆಯಿಲ್ಲದ ಅನುಭವ ಬೇಗ ಹಳಸುತ್ತದೆ, ಅನುಭವವಿಲ್ಲದ ಪುರಾವೆ ರೋಗಿಯ ಮೇಲೆ ದಬ್ಬಾಳಿಕೆ ನಡೆಸುತ್ತದೆ, ಎರಡೂ ಬೇಕು ಎಂಬುದು ಅದರ ತಿರುಳು.

‘ಎರಡೂ ಬೇಕು’ ಎನ್ನುವುದು ಸುಲಭ. ಅನುಭವವನ್ನು ಯಾವಾಗ ನಂಬಬೇಕು ಎಂಬುದು ಕಷ್ಟದ ಪ್ರಶ್ನೆ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಬಂದದ್ದು ಒಂದು ಜಗಳದಿಂದ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞ ಅಗ್ನಿಶಾಮಕ ದಳದ ಮುಖ್ಯಸ್ಥರನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಅವರ ಒಳಗಣ್ಣನ್ನು ಮೆಚ್ಚಿದವರು. ಉರಿಯುವ ಮನೆಯಲ್ಲಿ ಲೆಕ್ಕಾಚಾರಕ್ಕೆ ಸಮಯವಿಲ್ಲ. ನೋಡಿದ ಕ್ಷಣವೇ ಅವರಿಗೆ ಹೊಳೆಯುತ್ತದೆ, ಬಹಳ ಸಲ ಸರಿಯಾಗಿಯೇ. ಡೇನಿಯಲ್ ಕಾನೆಮನ್ ಇದಕ್ಕೆ ಉಲ್ಟಾ. ಪರಿಣತರ ಆತ್ಮವಿಶ್ವಾಸ ಎಷ್ಟು ಟೊಳ್ಳು ಎಂದು ತೋರಿಸುವುದರಲ್ಲೇ ಹೆಸರು ಮಾಡಿದವರು. ಇಬ್ಬರೂ ಕೂತು ವರ್ಷಗಟ್ಟಲೆ ವಾದ ಮಾಡಿ 2009ರಲ್ಲಿ ಒಟ್ಟಿಗೇ ಒಂದು ಪ್ರಬಂಧ ಪ್ರಕಟಿಸಿದರು. ಅನುಭವ ಪಕ್ವವಾಗಲು ಎರಡು ಷರತ್ತು ಎಂದರು. ಕೆಲಸದ ಲೋಕದಲ್ಲಿ ಒಂದು ಕ್ರಮ ಇರಬೇಕು, ಇಂದಿನ ಸೂಚನೆ ನಾಳೆಯೂ ಅದೇ ಅರ್ಥ ಕೊಡುವಂತೆ. ಮತ್ತು ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೇಗ, ಸ್ಪಷ್ಟವಾಗಿ ತಿಳಿಯಬೇಕು, ಮತ್ತೆ ಮತ್ತೆ.

ಈ ಎರಡು ಷರತ್ತನ್ನು ಕೈಯಲ್ಲಿ ಹಿಡಿದು ಸುತ್ತ ನೋಡಿ. ಅರಿವಳಿಕೆ ತಜ್ಞರಿಗೆ ತಪ್ಪು ನಿಮಿಷಗಳಲ್ಲೇ ಗೊತ್ತಾಗುತ್ತದೆ, ಹಾಗಾಗಿ ಕಲಿಯುತ್ತಾರೆ. ಕೈದಿಯೊಬ್ಬ ಬಿಡುಗಡೆಯಾದರೆ ಮತ್ತೆ ಅಪರಾಧ ಮಾಡುತ್ತಾನೋ ಎಂದು ಅಂದಾಜಿಸುವವರಿಗೆ ಫಲಿತಾಂಶ ವರ್ಷಗಳ ಮೇಲೆ ಬರುತ್ತದೆ, ಬಂದರೂ ಅವರ ಮೇಜಿಗೆ ಬರುವುದಿಲ್ಲ. ಇಪ್ಪತ್ತು ವರ್ಷದ ಅನುಭವ ಎಂದು ಹೇಳಿಕೊಂಡರೂ ಅದು ಒಂದೇ ವರ್ಷವನ್ನು ಇಪ್ಪತ್ತು ಸಲ ಬದುಕಿದಂತೆ. ಷೇರು ಪೇಟೆ, ರಾಜಕೀಯ ಭವಿಷ್ಯ ಹೇಳುವವರ ಪಾಡು ಇನ್ನೂ ಕಡೆ. ಫಿಲಿಪ್ ಟೆಟ್ಲಾಕ್ ಎಂಬ ಸಂಶೋಧಕ 284 ಪರಿಣತರ ರಾಜಕೀಯ, ಆರ್ಥಿಕ ಭವಿಷ್ಯವಾಣಿಗಳನ್ನು ಸುಮಾರು ಇಪ್ಪತ್ತು ವರ್ಷ ಬರೆದಿಟ್ಟುಕೊಂಡು, ನಿಜವಾಗಿ ನಡೆದುದರ ಜೊತೆ ಹೋಲಿಸಿ 2005ರಲ್ಲಿ ಪ್ರಕಟಿಸಿದರು. ಸರಾಸರಿ ಪರಿಣತರ ಸಾಧನೆ ಕಣ್ಣುಮುಚ್ಚಿ ಊಹಿಸುವುದಕ್ಕಿಂತ ಅಷ್ಟೇನೂ ಮೇಲಿರಲಿಲ್ಲ. ಮಾಧ್ಯಮಗಳಲ್ಲಿ ಹೆಚ್ಚು ಮಿಂಚುತ್ತಿದ್ದವರ ಊಹೆ ಉಳಿದವರದಕ್ಕಿಂತ ಕಳಪೆಯಾಗಿತ್ತು. ‘ಒಂದು ಕಡೆ ಹೀಗಿದೆ, ಇನ್ನೊಂದು ಕಡೆ ಹಾಗಿದೆ’ ಎನ್ನುವವರನ್ನು ಯಾವ ಕಾರ್ಯಕ್ರಮವೂ ಎರಡನೇ ಸಲ ಕರೆಯುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಇಷ್ಟು ಹೊತ್ತು ಡಿಗ್ರಿ ಪಡೆದ ವೃತ್ತಿಪರರ ಮಾತಾಯಿತು. ಡಿಗ್ರಿಯಿಲ್ಲದ ಪರಿಣತಿಯ ಕಥೆ ಇನ್ನೂ ಸ್ವಾರಸ್ಯದ್ದು. 1986ರ ಏಪ್ರಿಲ್ 26ರಂದು ಚೆರ್ನೊಬಿಲ್ ಅಣು ಸ್ಥಾವರ ಸಿಡಿಯಿತು. ಮೇ ಮೊದಲ ವಾರದಲ್ಲಿ ವಿಕಿರಣದ ಮೋಡ ಬ್ರಿಟನ್ನಿನ ವಾಯವ್ಯದ ಕುಂಬ್ರಿಯಾ ಬೆಟ್ಟಗಳ ಮೇಲೆ ಬಂದಾಗ ಜೋರು ಮಳೆ. ಮೋಡದಲ್ಲಿದ್ದ ಸೀಸಿಯಂ ಎಂಬ ವಿಕಿರಣಶೀಲ ಧಾತು ಹುಲ್ಲಿಗಿಳಿಯಿತು, ಹುಲ್ಲಿನಿಂದ ಕುರಿಗಳಿಗೆ. ಜೂನ್ 20ರಂದು ಸರ್ಕಾರ ಕುರಿ ಸಾಗಣೆ, ಮಾರಾಟ ನಿಷೇಧಿಸಿತು. ಮೂರೇ ವಾರ, ಅಷ್ಟರಲ್ಲಿ ಎಲ್ಲ ಇಳಿದುಹೋಗುತ್ತದೆ ಎಂದು ವಿಜ್ಞಾನಿಗಳ ಮಾತನ್ನು ಆಧರಿಸಿ ಭರವಸೆ ಕೊಟ್ಟಿತು.

ಇಳಿಯಲಿಲ್ಲ. ಜೇಡಿಮಣ್ಣಿನಲ್ಲಿ ಸೀಸಿಯಂ ಕಣಗಳಿಗೆ ಅಂಟಿಕೊಂಡು ಅಲ್ಲೇ ಸೆರೆಯಾಗುತ್ತದೆ, ಗಿಡದ ಬೇರಿಗೆ ಸಿಗುವುದಿಲ್ಲ. ವಿಜ್ಞಾನಿಗಳ ಲೆಕ್ಕ ಅಂಥ ಮಣ್ಣಿನದು. ಕುಂಬ್ರಿಯಾದ ಬೆಟ್ಟದ ಮೇಲಿರುವುದು ಕೊಳೆತ ಸಸ್ಯಗಳಿಂದಾದ ಹುಳಿ ಮಣ್ಣು. ಅದರಲ್ಲಿ ಸೀಸಿಯಂ ಸಡಿಲವಾಗಿಯೇ ಉಳಿದು ಹುಲ್ಲಿಗೆ ಏರುತ್ತದೆ, ಕುರಿಗೆ ಹೋಗುತ್ತದೆ, ಹಿಕ್ಕೆಯಾಗಿ ಮತ್ತೆ ಮಣ್ಣಿಗೆ. ಲೆಕ್ಕ ಸರಿಯಾಗಿತ್ತು, ಬೇರೆ ನೆಲಕ್ಕೆ.

ಈ ಪ್ರಕರಣವನ್ನು ಹತ್ತಿರದಿಂದ ಅಧ್ಯಯನ ಮಾಡಿದ ಸಮಾಜವಿಜ್ಞಾನಿ ಬ್ರಯನ್ ವಿನ್ ಕಂಡದ್ದು ಇದಕ್ಕಿಂತ ಮುಂದಿನದು. ಖನಿಜವೊಂದನ್ನು ನೆಲಕ್ಕೆ ಎರಚಿದರೆ ಸೀಸಿಯಂ ಕಡಿಮೆಯಾಗುವುದೇ ಎಂದು ಪರೀಕ್ಷಿಸಲು ತಜ್ಞರು ಬೇರೆ ಬೇರೆ ಆವರಣಗಳಲ್ಲಿ ಬೇಲಿ ಹಾಕಿ ಕುರಿಗಳನ್ನು ಕೂಡಿದರು. ಬಯಲು ಬೆಟ್ಟದಲ್ಲಿ ಮೇದು ಬೆಳೆದ ಕುರಿ ಬೇಲಿಯೊಳಗೆ ಸೊರಗುತ್ತದೆ, ನಿಮ್ಮ ಲೆಕ್ಕ ಕೆಡುತ್ತದೆ ಎಂದು ಕುರಿ ಸಾಕುವವರು ಹೇಳಿದರು. ಕೇಳಿಸಿಕೊಂಡವರಿಲ್ಲ. ಪ್ರಯೋಗವನ್ನು ಆಮೇಲೆ ಅದೇ ಕಾರಣಕ್ಕೆ ಕೈಬಿಟ್ಟರು, ಹೇಳಿದವರು ಮೊದಲೇ ಹೇಳಿದ್ದರು ಎಂದು ಎಲ್ಲೂ ದಾಖಲಿಸದೆ. ಹೊರಗಿನಿಂದ ಮೇವು, ಒಣಹುಲ್ಲು ತಂದು ಹಾಕಿ ಎಂದವರಿಗೆ, ಈ ಕುರಿಗಳು ಒಣಹುಲ್ಲಿನ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ನಗುವುದೊಂದೇ ಅವರಿಗೆ ಉಳಿದದ್ದು. ಹತ್ತಿರದಲ್ಲೇ ಸೆಲ್ಲಾಫೀಲ್ಡ್ ಅಣು ಕೇಂದ್ರವಿತ್ತು. ಅಲ್ಲಿ 1957ರಲ್ಲಿ ಬೆಂಕಿ ಬಿದ್ದು ವಿಕಿರಣ ಸೋರಿತ್ತು. ಈ ಸೀಸಿಯಂ ಎಲ್ಲ ಚೆರ್ನೊಬಿಲ್‌ನದೇ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದಾಗ ತಜ್ಞರು ಖಂಡಿತ ಅದರದೇ ಎಂದರು. ಅದರಲ್ಲಿ ದೊಡ್ಡ ಪಾಲು ಹಳೆಯದು, ಅಣ್ವಸ್ತ್ರ ಪರೀಕ್ಷೆಗಳಿಂದ ಮತ್ತು ಆ ಬೆಂಕಿಯಿಂದ ಬಂದದ್ದು ಎಂದು ಮುಂದೆ ಒಪ್ಪಬೇಕಾಯಿತು.

ಕುರಿ ಸಾಕುವವರಿಗೆ ವಿಕಿರಣ ವಿಜ್ಞಾನ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಗೊತ್ತಿರಲಿಲ್ಲ. ಕುರಿ ಗೊತ್ತಿತ್ತು, ಬೆಟ್ಟ ಗೊತ್ತಿತ್ತು, ಮಾರುವ ಕಾಲ ಯಾವುದು, ಮೇವು ತೀರುವ ತಿಂಗಳು ಯಾವುದು ಎಂಬುದು ಗೊತ್ತಿತ್ತು. ತಜ್ಞರ ಲೆಕ್ಕಕ್ಕೆ ಬೇಕಾಗಿದ್ದ ತುಣುಕೂ ಅದೇ. ಮೂರು ವಾರದ ಮಾತಾಗಿದ್ದ ನಿಷೇಧದ ಕೊನೆಯ ಕುರುಹು ಆ ಬೆಟ್ಟಗಳಿಂದ ಹೋದದ್ದು 2012ರ ಜೂನ್‌ನಲ್ಲಿ, ಇಪ್ಪತ್ತಾರು ವರ್ಷಕ್ಕೆ. ಅಷ್ಟು ವರ್ಷ ಕಳೆದುಕೊಂಡ ವಿಶ್ವಾಸಕ್ಕೆ ಮಾಪಕವಿಲ್ಲ. ತಜ್ಞರು ತಪ್ಪಿದರು ಎಂಬುದಕ್ಕಿಂತ, ಗೊತ್ತಿಲ್ಲದಾಗಲೂ ಖಚಿತ ಧ್ವನಿಯಲ್ಲೇ ಮಾತಾಡಿದರು ಎಂಬುದು ಜನರನ್ನು ಹೆಚ್ಚು ನೋಯಿಸಿತು ಎಂದು ವಿನ್ ಬರೆಯುತ್ತಾರೆ.

ಇದಕ್ಕೆ ಎದುರಾಗಿ ಇಡಬಹುದಾದ ಕಥೆ 1971ರದು. ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿ ದಾಟಿ ಬಂದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಏರಿಸುವ ದ್ರವ ಮುಗಿಯುತ್ತ ಬಂದಿತ್ತು, ಏರಿಸಲು ಕಲಿತ ಕೈಗಳೂ ಸಾಲದು. ಕಲ್ಕತ್ತೆಯ ಸಂಶೋಧನಾ ಕೇಂದ್ರದಲ್ಲಿದ್ದ ವೈದ್ಯ ದಿಲೀಪ್ ಮಹಲನಬಿಸ್ ಅಲ್ಲಿಗೆ ಹೋದರು. ಗ್ಲೂಕೋಸ್ ಜೊತೆಗಿದ್ದರೆ ಕರುಳು ಸೋಡಿಯಂ ಹೀರಿಕೊಳ್ಳುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ ಎಂಬುದು 1960ರ ದಶಕದಲ್ಲಿ ಪ್ರಯೋಗಾಲಯದಲ್ಲಿ ತಿಳಿದಿತ್ತು. ಢಾಕಾದಲ್ಲಿ ರೋಗಿಗಳ ಮೇಲೆ ಪರೀಕ್ಷೆಯೂ ಆಗಿತ್ತು. ಆದರೆ ವೈದ್ಯರ ಕಣ್ಗಾವಲಿಲ್ಲದೆ ಇದನ್ನು ಕೊಡುವಂತಿಲ್ಲ ಎಂಬುದು ಆಗಿನ ವಾಡಿಕೆ. ಮಹಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಅಳೆದು ಪೊಟ್ಟಣ ಕಟ್ಟಿಸಿ, ನೀರಿಗೆ ಬೆರೆಸಿ, ರೋಗಿಗಳ ತಾಯಂದಿರ, ಅಣ್ಣತಮ್ಮಂದಿರ ಕೈಗೇ ಕೊಟ್ಟರು. ಶಿಬಿರದಲ್ಲಿ ಸುಮಾರು ಶೇಕಡಾ 30ರಷ್ಟಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ 3.6ಕ್ಕೆ ಇಳಿಯಿತು. ಅವರ ವರದಿ 1973ರಲ್ಲಿ ಪ್ರಕಟವಾಯಿತು. ಇಂದು ಓಆರ್‌ಎಸ್ ಪೊಟ್ಟಣ ಜಗತ್ತಿನ ಎಲ್ಲೆಡೆ ಇದೆ.

ಕರುಳಿನ ಶರೀರಕ್ರಿಯೆ ಗೊತ್ತಿಲ್ಲದ ಒಬ್ಬರಿಗೆ ಅಷ್ಟು ಧೈರ್ಯ ಬರುತ್ತಿರಲಿಲ್ಲ, ಶಿಬಿರಕ್ಕೆ ಕಾಲಿಡದ ಒಬ್ಬರಿಗೆ ಅಷ್ಟು ಅವಸರ ಇರುತ್ತಿರಲಿಲ್ಲ. ಇಲ್ಲಿ ಎರಡೂ ಒಂದೇ ತಲೆಯೊಳಗಿದ್ದವು. ಎಲ್ಲ ಕಡೆ ಹಾಗಿರಲು ಸಾಧ್ಯವಿಲ್ಲವಲ್ಲ, ಬಹಳಷ್ಟು ಸಲ ವಿಷಯ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಲೇಬೇಕು. ಹೋಗುವಾಗ ಏನು ಸೋರುತ್ತದೆ? ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟ್ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 19 ಅಂಶಗಳ ಪಟ್ಟಿಯನ್ನು ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಬಳಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ಮುಂದೆ ಕೆನಡಾದ ಒಂಟಾರಿಯೋ ಪ್ರಾಂತ್ಯ ತನ್ನ ಆಸ್ಪತ್ರೆಗಳಿಗೆಲ್ಲ ಚೆಕ್‌ಲಿಸ್ಟ್ ಬಳಕೆಯನ್ನು ವರದಿ ಮಾಡುವುದು ಕಡ್ಡಾಯ ಎಂದಿತು. 101 ಆಸ್ಪತ್ರೆಗಳ ಅಂಕಿಅಂಶ ತೆಗೆದು ನೋಡಿದರೆ, 2014ರಲ್ಲಿ, ಲೆಕ್ಕಕ್ಕೆ ಸಿಗುವಂಥ ಬದಲಾವಣೆ ಕಾಣಲಿಲ್ಲ. ಹಾಳೆ ಅದೇ, ಟಿಕ್ ಗುರುತುಗಳೂ ತುಂಬಿದ್ದವು. ಏಕೆ ಹೀಗಾಯಿತು ಎಂಬ ಚರ್ಚೆ ಮುಗಿದಿಲ್ಲ. ಹೆಚ್ಚು ಜನ ಒಪ್ಪುವ ವಿವರಣೆ ನನಗೂ ಸರಿ ಎನಿಸುತ್ತದೆ: ಮೊದಲ ಆಸ್ಪತ್ರೆಗಳಲ್ಲಿ ಪಟ್ಟಿಯ ನೆಪದಲ್ಲಿ ನರ್ಸ್ ಶಸ್ತ್ರವೈದ್ಯರನ್ನು ತಡೆದು ಪ್ರಶ್ನೆ ಕೇಳುವ ರೂಢಿ ಬೆಳೆಯಿತು, ಆಮೇಲಿನ ಕಡೆಗೆ ಪಟ್ಟಿಯೊಂದೇ ತಲುಪಿತು. ಪ್ರಬಂಧದಲ್ಲಿ ಪಟ್ಟಿಯನ್ನು ಅಚ್ಚು ಹಾಕಬಹುದು, ನರ್ಸಿನ ಧೈರ್ಯವನ್ನು ಹೇಗೆ ಹಾಕುವುದು?

ಇನ್ನು ಸಾರ್ವಜನಿಕ ಜೀವನಕ್ಕೆ ಬರೋಣ. ಇಲ್ಲಿ ಪ್ರಾಧ್ಯಾಪಕರ ಮಾತಿಗೆ ಇನ್ನೊಂದು ತೂಕ ಬಂದುಬಿಡುತ್ತದೆ, ಅವರು ಬೇಡವೆಂದರೂ. ನ್ಯಾಯಾಲಯದಲ್ಲಿ ಸಾಮಾನ್ಯ ಸಾಕ್ಷಿ ಕಂಡದ್ದನ್ನಷ್ಟೇ ಹೇಳಬೇಕು. ಅಭಿಪ್ರಾಯ ಹೇಳುವ ಅವಕಾಶ ಇರುವುದು ತಜ್ಞ ಸಾಕ್ಷಿಗೆ. 1999ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರು ಹಸುಗೂಸುಗಳನ್ನು ಕೊಂದ ಆರೋಪದ ಮೇಲೆ ತಾಯಿಯೊಬ್ಬರ ವಿಚಾರಣೆ ನಡೆಯಿತು. ಅಂಥ ಕುಟುಂಬದಲ್ಲಿ ಮಗು ಕಾರಣ ತಿಳಿಯದೆ ತೊಟ್ಟಿಲಲ್ಲೇ ಸಾಯುವ ಸಂಭವ 8,543ರಲ್ಲಿ ಒಂದು, ಎರಡು ಮಕ್ಕಳೂ ಹಾಗೆ ಸಾಯುವುದು 7.3 ಕೋಟಿಯಲ್ಲಿ ಒಂದು ಎಂದು ಹೆಸರಾಂತ ಮಕ್ಕಳ ವೈದ್ಯ ಪ್ರಾಧ್ಯಾಪಕರು ಸಾಕ್ಷ್ಯ ನುಡಿದರು. ಮೊದಲ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದರು, ಅಷ್ಟೆ. ಆದರೆ ಗುಣಿಸುವುದು ಸರಿಯಾಗಬೇಕಾದರೆ ಒಂದು ಸಾವಿಗೂ ಇನ್ನೊಂದಕ್ಕೂ ಸಂಬಂಧ ಇರಬಾರದು; ಒಂದೇ ಮನೆಯ ಮಕ್ಕಳಿಗೆ ಒಂದೇ ರಕ್ತ, ಒಂದೇ ಗಾಳಿ. ಅದೂ ಸಾಲದೆಂಬಂತೆ, ಕೇಳಿದವರಿಗೆ ಆ ಸಂಖ್ಯೆ ‘ಆಕೆ ನಿರ್ದೋಷಿಯಾಗಿರುವ ಸಂಭವ’ ಎಂಬಂತೆ ಕೇಳಿಸಿತು. ಒಬ್ಬ ತಾಯಿ ಎರಡು ಕೂಸುಗಳನ್ನು ಕೊಲ್ಲುವುದೂ ಅಷ್ಟೇ ಅಪರೂಪ ಎಂಬುದನ್ನು ಪಕ್ಕದಲ್ಲಿಟ್ಟು ತೂಗಬೇಕಿತ್ತು. ಆಕೆಗೆ ಶಿಕ್ಷೆಯಾಯಿತು. ಬ್ರಿಟನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗವಾಗಿ ಈ ಲೆಕ್ಕವನ್ನು ಖಂಡಿಸಿತು. 2003ರಲ್ಲಿ, ಮುಚ್ಚಿಟ್ಟಿದ್ದ ಪ್ರಯೋಗಾಲಯ ವರದಿಯೊಂದು ಹೊರಬಂದ ಮೇಲೆ, ಮೇಲ್ಮನವಿ ನ್ಯಾಯಾಲಯ ಶಿಕ್ಷೆ ರದ್ದು ಮಾಡಿತು. ಆ ಪ್ರಾಧ್ಯಾಪಕರು ಮಕ್ಕಳ ವೈದ್ಯಕೀಯದಲ್ಲಿ ನಿಜವಾಗಿಯೂ ತಜ್ಞರು. ಸಂಭವನೀಯತೆಯ ಗಣಿತದಲ್ಲಿ ಅಲ್ಲ. ಕಟಕಟೆಯಲ್ಲಿ ನಿಂತಾಗ ಆ ಗಡಿ ಯಾರಿಗೂ ಕಾಣಲಿಲ್ಲ, ವಕೀಲರಿಗೂ.

ಗಡಿಯೊಳಗೇ ಇದ್ದರೂ ಎಡವಬಹುದು. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ, ಸರ್ಕಾರದ ಸಾಲ ದೇಶದ ಒಟ್ಟು ಉತ್ಪನ್ನದ ಶೇಕಡಾ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಬರೆದರು. ಖರ್ಚು ಕಡಿತವೇ ದಾರಿ ಎನ್ನುತ್ತಿದ್ದ ರಾಜಕಾರಣಿಗಳಿಗೆ ಆ 90 ಮಂತ್ರವಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ತರಗತಿಯ ಅಭ್ಯಾಸಕ್ಕೆಂದು ಅದೇ ಲೆಕ್ಕ ಮತ್ತೆ ಮಾಡಲು ಹೊರಟ. ತಾಳೆಯಾಗಲಿಲ್ಲ. ಮೂಲ ಎಕ್ಸೆಲ್ ಕಡತ ತರಿಸಿ ನೋಡಿದರೆ ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಅಂಕಿಗಳಿಗೆ ತೂಕ ಕೊಟ್ಟ ಬಗೆಯ ಬಗ್ಗೆಯೂ ತಕರಾರಿತ್ತು. ಹರ್ನ್‌ಡನ್ ಮತ್ತು ಅವನ ಇಬ್ಬರು ಅಧ್ಯಾಪಕರ ಲೆಕ್ಕದಲ್ಲಿ, 90 ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಮೂಲ ಪ್ರಬಂಧ ಹೇಳಿದಂತೆ ಸೊನ್ನೆಗಿಂತ ಶೇಕಡಾ 0.1 ಕೆಳಗಲ್ಲ, ಶೇಕಡಾ 2.2. ಮೂಲ ಲೇಖಕರು ಸೂತ್ರದ ತಪ್ಪು ಒಪ್ಪಿದರು, ಒಟ್ಟು ವಾದವನ್ನು ಬಿಡಲಿಲ್ಲ. ಪ್ರಬಂಧದೊಳಗೆ ‘ಜೊತೆಜೊತೆಗೆ ಕಾಣುತ್ತವೆ’ ಎಂದಿದ್ದದ್ದು ಭಾಷಣಗಳಲ್ಲಿ ‘ಇದರಿಂದಲೇ ಅದು’ ಎಂದಾಗಿತ್ತು. ನನಗೆ ಎಕ್ಸೆಲ್ ತಪ್ಪಿಗಿಂತ ಈ ಜಿಗಿತ ದೊಡ್ಡದಾಗಿ ಕಾಣುತ್ತದೆ. ಮತ್ತು ಸಾಲ ಎಷ್ಟಿರಬಹುದು ಎಂಬುದರಲ್ಲಿ, ಯಾರ ಸೌಲಭ್ಯ ಕಡಿಯಬೇಕು ಎಂಬ ಪ್ರಶ್ನೆಯೂ ಸೇರಿದೆ. ಅದಕ್ಕೆ ಯಾವ ಸ್ಪ್ರೆಡ್‌ಶೀಟೂ ಉತ್ತರ ಕೊಡುವುದಿಲ್ಲ.

ಮಾತಾಡಿದರೆ ಹೀಗೆ, ಸುಮ್ಮನಿದ್ದರೆ? ಇಟಲಿಯ ಲಾಕ್ವಿಲಾ ಪಟ್ಟಣದಲ್ಲಿ 2009ರಲ್ಲಿ ತಿಂಗಳುಗಟ್ಟಲೆ ಸಣ್ಣ ನಡುಕಗಳು. ಮಾರ್ಚ್ 31ರಂದು ಭೂಕಂಪ ತಜ್ಞರ ಸಮಿತಿ ಅಲ್ಲಿ ಸೇರಿತು. ನಾಗರಿಕ ರಕ್ಷಣಾ ಇಲಾಖೆಯ ಅಧಿಕಾರಿಯೊಬ್ಬರು ಸಭೆಗೂ ಮೊದಲೇ ಟಿವಿ ಎದುರು, ಸಣ್ಣ ನಡುಕಗಳಿಂದ ಶಕ್ತಿ ಬಿಡುಗಡೆಯಾಗುತ್ತಿದೆ, ಇದು ಅನುಕೂಲಕರ ಎಂದು ಸಮಾಧಾನ ಹೇಳಿದ್ದರು. ಇದು ವಿಜ್ಞಾನಕ್ಕೆ ಒಪ್ಪದ ಮಾತು. ತಜ್ಞರು ಬಂದರು, ಚರ್ಚಿಸಿದರು, ಹೋದರು. ಆ ಮಾತನ್ನು ಜನರೆದುರು ಯಾರೂ ತಿದ್ದಲಿಲ್ಲ. ಏಪ್ರಿಲ್ 6ರ ಬೆಳಗಿನ ಜಾವ ದೊಡ್ಡ ಕಂಪನ ಬಂತು, 309 ಜನ ಸತ್ತರು. ನೆಲ ನಡುಗಿದರೆ ರಾತ್ರಿ ಹೊರಗೆ ಕಳೆಯುವ ಹಿರಿಯರ ರೂಢಿಯನ್ನು ಆ ಸಮಾಧಾನದ ಮಾತು ಕೇಳಿ ಬಿಟ್ಟೆವು ಎಂದು ಬದುಕಿ ಉಳಿದವರು ನ್ಯಾಯಾಲಯದಲ್ಲಿ ಹೇಳಿದರು. ಆರು ವಿಜ್ಞಾನಿಗಳಿಗೂ ಆ ಅಧಿಕಾರಿಗೂ 2012ರಲ್ಲಿ ಆರಾರು ವರ್ಷ ಶಿಕ್ಷೆಯಾಯಿತು. 2014ರಲ್ಲಿ ವಿಜ್ಞಾನಿಗಳೆಲ್ಲ ಖುಲಾಸೆಯಾದರು, ಅಧಿಕಾರಿಯ ಶಿಕ್ಷೆ ಎರಡು ವರ್ಷಕ್ಕೆ ಇಳಿಯಿತು. ಭೂಕಂಪ ಮುಂಚೆ ಹೇಳಲಿಲ್ಲವೆಂದು ವಿಜ್ಞಾನಿಗಳನ್ನು ಜೈಲಿಗೆ ಕಳಿಸಿದರು ಎಂದು ಜಗತ್ತಿನ ಪತ್ರಿಕೆಗಳು ಬರೆದದ್ದು ಅರ್ಧ ಸತ್ಯ. ಅಲ್ಲಿ ವಿಚಾರಣೆಗೆ ಬಂದದ್ದು ಭವಿಷ್ಯವಾಣಿಯ ವೈಫಲ್ಯವಲ್ಲ, ಸಮಾಧಾನದ ಮಾತು. ಜೈಲು ಅದಕ್ಕೆ ಮದ್ದೇ ಎಂದು ಕೇಳಿದರೆ ನನ್ನ ಉತ್ತರ ಅಲ್ಲ ಎಂದೇ. ನಾಳೆ ಅಂಥ ಸಮಿತಿಗೆ ಯಾರು ಕೂರುತ್ತಾರೆ?

ತಜ್ಞರು ಸಾರ್ವಜನಿಕರ ನಡುವೆ ಯಾವ ಪಾತ್ರದಲ್ಲಿ ನಿಲ್ಲಬಹುದು ಎಂಬುದನ್ನು ರಾಜರ್ ಪೀಲ್ಕ್ ಜೂನಿಯರ್ ಎಂಬ ಅಮೆರಿಕದ ವಿದ್ವಾಂಸರು 2007ರಲ್ಲಿ ಚೊಕ್ಕಟವಾಗಿ ಬಿಡಿಸಿಟ್ಟರು. ಊರಿಗೆ ಹೊಸಬರೊಬ್ಬರು ಬಂದು ಎಲ್ಲಿ ಊಟ ಮಾಡಲಿ ಎಂದು ಕೇಳಿದರು ಎನ್ನಿ. ಪೌಷ್ಟಿಕತೆಯ ಮೂಲತತ್ವ ಹೇಳಿ ಸುಮ್ಮನಾಗುವವರು ಒಬ್ಬರು. ಕೇಳಿದ ಪ್ರಶ್ನೆಗೆ, ‘ಇಲ್ಲಿಗೆ ಹತ್ತಿರದ್ದು ಯಾವುದು’ ಎಂಬುದಕ್ಕೆ, ಅಷ್ಟಕ್ಕೇ ಉತ್ತರಿಸುವವರು ಇನ್ನೊಬ್ಬರು. ‘ಇದೊಂದೇ ಸರಿ, ಇಲ್ಲಿಗೇ ಹೋಗಿ’ ಎನ್ನುವವರು ಮತ್ತೊಬ್ಬರು. ಎಲ್ಲ ಆಯ್ಕೆಗಳನ್ನೂ ಗುಣದೋಷ ಸಮೇತ ಮುಂದಿಟ್ಟು ನೀವೇ ಆರಿಸಿ ಎನ್ನುವವರು ನಾಲ್ಕನೆಯವರು. ನಾಲ್ಕೂ ಗೌರವದ ಪಾತ್ರಗಳೇ. ಮೂರನೆಯವರು ಎರಡನೆಯವರ ಅಂಗಿ ತೊಟ್ಟು ಬರುವುದು ಅಪಾಯ: ಪಕ್ಷ ವಹಿಸಿದ್ದಾರೆ, ಆದರೆ ‘ವಿಜ್ಞಾನ ಹೀಗೆ ಹೇಳುತ್ತದೆ’ ಎಂದಷ್ಟೇ ಹೇಳುತ್ತಾರೆ. ಇದೇ ಸಂಕಟವನ್ನು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1917ರ ಮ್ಯೂನಿಕ್ ಉಪನ್ಯಾಸದಲ್ಲಿ ಎತ್ತಿದ್ದರು. ವಿದ್ಯಾರ್ಥಿಗಳು ಬಾಯಿ ಮುಚ್ಚಿ ಕೂತಿರಬೇಕಾದ ತರಗತಿಯಲ್ಲಿ ರಾಜಕೀಯ ಮಾಡಬೇಡಿ, ಎದುರುತ್ತರ ಕೊಡುವವರಿರುವ ಬೀದಿಸಭೆಯಲ್ಲಿ ಮಾಡಿ ಎಂಬುದು ಅವರ ವಾದ. ಅಂದಿಗಿಂತ ಇಂದು ಅದು ಕಷ್ಟ, ಏಕೆಂದರೆ ತರಗತಿಗೂ ಬೀದಿಗೂ ನಡುವೆ ಈಗ ಒಂದು ಮೊಬೈಲ್ ಪರದೆಯಷ್ಟೇ ಅಂತರ.

ವಿಶ್ವವಿದ್ಯಾಲಯಗಳು ಹೊರಗಿನ ಲೋಕಕ್ಕೆ ಏಕೆ ಇನ್ನಷ್ಟು ತೆರೆದುಕೊಳ್ಳುವುದಿಲ್ಲ ಎಂಬುದಕ್ಕೆ ದೊಡ್ಡ ತತ್ವಜ್ಞಾನ ಬೇಡ. ಬಡ್ತಿಗೆ ಪ್ರಬಂಧ ಎಣಿಸುತ್ತಾರೆ, ಅದನ್ನು ಸಹೋದ್ಯೋಗಿಗಳೇ ಓದಿ ಅಳೆಯುತ್ತಾರೆ. ಶಿಬಿರದಲ್ಲಿ ಕಳೆದ ತಿಂಗಳು, ನಿಯಮಾವಳಿ ತಿದ್ದುವ ಸಮಿತಿಯಲ್ಲಿ ಕೂತ ಸಂಜೆ ಲೆಕ್ಕಕ್ಕಿಲ್ಲ. ಬ್ರಿಟನ್ ಇದನ್ನು ತಿದ್ದಲು ಹೊರಟು, ಸಂಶೋಧನೆಯ ಮೌಲ್ಯಮಾಪನದಲ್ಲಿ ಹೊರಜಗತ್ತಿನ ಮೇಲಾದ ಪರಿಣಾಮಕ್ಕೆ 2014ರಲ್ಲಿ ಶೇಕಡಾ 20, 2021ರಲ್ಲಿ 25 ತೂಕ ಕೊಟ್ಟಿತು. ಪರಿಣಾಮದ ಕಥೆಗಳನ್ನು ಚಂದವಾಗಿ ಬರೆಯುವ ಹೊಸ ಕಸುಬೊಂದು ಹುಟ್ಟಿಕೊಂಡಿತು ಎಂಬ ಗೊಣಗಾಟವೂ ಜೊತೆಗೇ ಶುರುವಾಯಿತು. ಎಣಿಸುವುದನ್ನು ಬದಲಿಸಿದರೆ ಮಾಡುವುದು ಬದಲಾಗುತ್ತದೆ, ಯಾವಾಗಲೂ ಬಯಸಿದ ದಿಕ್ಕಿಗೇ ಅಲ್ಲ.

ಥೇಮ್ಸ್ ಮೇಲಿನ ಸೇತುವೆಯ ಕಥೆ ಅರ್ಧಕ್ಕೆ ನಿಂತಿದೆ. ಮುಚ್ಚಿದ ಮೇಲೆ ಅರೂಪ್‌ನವರು ವಿಶ್ವವಿದ್ಯಾಲಯಗಳ ಕದ ತಟ್ಟಿದರು. ಪ್ರಯೋಗಾಲಯಗಳಲ್ಲಿ ಅಲುಗಾಡುವ ಹಲಗೆಗಳ ಮೇಲೆ ಜನರನ್ನು ನಡೆಸಿ, ಹೆಜ್ಜೆ ಎಷ್ಟು ಬಲ ಹಾಕುತ್ತದೆ ಎಂದು ಅಳೆದರು. ಸೇತುವೆಯ ಮೇಲೇ ಗುಂಪನ್ನು ನಡೆಸಿ, ಜನ ಒಂದು ಸಂಖ್ಯೆ ದಾಟಿದ ಕೂಡಲೇ ತೂಗಾಟ ದಿಢೀರನೆ ಏರುವುದನ್ನು ಕಂಡರು. ಅದಕ್ಕೂ ಮುಂಚೆ ಬೇರೆ ಸೇತುವೆಗಳಲ್ಲೂ ಹೀಗಾಗಿತ್ತು ಎಂಬ ಹಳೆಯ ದಾಖಲೆಗಳು ಹುಡುಕಿದಾಗ ಒಂದೊಂದಾಗಿ ಸಿಕ್ಕವು, ಫುಜಿನೊ ಅವರ ಪ್ರಬಂಧವೂ. ತೂಗಾಟ ಹೀರುವ ಉಪಕರಣಗಳನ್ನು ಕೂರಿಸಿ 2002ರ ಫೆಬ್ರುವರಿಯಲ್ಲಿ ಸೇತುವೆಯನ್ನು ಮತ್ತೆ ತೆರೆದರು. ಸಂಸ್ಥೆ ತಾನು ಕಂಡುಕೊಂಡದ್ದನ್ನು ವ್ಯಾಪಾರದ ಗುಟ್ಟಾಗಿ ಇಟ್ಟುಕೊಳ್ಳಬಹುದಿತ್ತು. ಬದಲಿಗೆ ಏನು ತಪ್ಪಿತು, ಹೇಗೆ ಅಳೆದೆವು, ಸೂತ್ರ ಯಾವುದು ಎಂಬುದನ್ನೆಲ್ಲ ಬರೆದು 2001ರಲ್ಲೇ ಪ್ರಕಟಿಸಿತು. ಈ ಸಲ ಅದು ಅಚ್ಚಾದದ್ದು ಸೇತುವೆ ಕಟ್ಟುವವರು ಓದುವ ಪತ್ರಿಕೆಯಲ್ಲಿ.